ಹಳೇ ನೋವಿಗೆ ಸೂಜಿ: ಆರು ಸಲ ನೋಡಿ, ಆಮೇಲೆ ಲೆಕ್ಕ ಹಾಕಿ

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು ಮತ್ತು ತೋಟದ ಕೆಲಸಗಾರರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಿದೆ.)

ಸೊಂಟ, ಮಂಡಿ, ಕುತ್ತಿಗೆ, ಈ ಮೂರರಲ್ಲಿ ಯಾವ ನೋವೂ ಇಲ್ಲದವರು ದಯವಿಟ್ಟು ಕೈ ಎತ್ತಿ. ನೋಡಿ, ಒಂದು ಕೈಯ ಬೆರಳಲ್ಲಿ ಎಣಿಸುವಷ್ಟು ಜನ. ಅದರಲ್ಲೂ ಹಿಂದಿನ ಸಾಲಿನಲ್ಲೊಬ್ಬರು ಕೈ ಎತ್ತಿ, ಭುಜ ಹಿಡಿದುಕೊಂಡು, ಮತ್ತೆ ಇಳಿಸಿಬಿಟ್ಟರು.

ಇದರಲ್ಲಿ ಆಶ್ಚರ್ಯವೇನಿಲ್ಲ. 16 ಲೀಟರಿನ ಸ್ಪ್ರೇ ಕ್ಯಾನು ಬೆನ್ನಿಗೇರಿತು ಅಂದರೆ ನೀರಿನ ತೂಕವೇ 16 ಕಿಲೋ, ಕ್ಯಾನಿನದ್ದು ಬೇರೆ. ಅದನ್ನು ಹೊತ್ತು ಇಳಿಜಾರಿನಲ್ಲಿ, ಜಾರುವ ಮಣ್ಣಿನಲ್ಲಿ, ಒಂದು ಕೈಯಲ್ಲಿ ಪಂಪು ಹೊಡೆಯುತ್ತಾ ದಿನವಿಡೀ ನಡೆಯಬೇಕು. ಹಣ್ಣು ಕುಯ್ಯುವವರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಬುಡದ ರೆಕ್ಕೆಗೆ, ಅಂದರೆ ಅಡ್ಡಕೊಂಬೆಗೆ, ಬಗ್ಗುತ್ತಾರೆ, ನೆತ್ತಿಯ ರೆಕ್ಕೆಗೆ ಕತ್ತು ಎತ್ತುತ್ತಾರೆ. ಸಂಜೆ ತೂಕಕ್ಕೆ ಮೂಟೆ ಹೊರುವುದು ಬೇರೆ. ಮೆಣಸಿಗೆ ಏಣಿ, ಮರಗಸಿಗೆ (ನೆರಳು ಮರದ ಕೊಂಬೆ ಸವರುವುದಕ್ಕೆ) ಕತ್ತಿ, ಕೊಪ್ಪ ಶೃಂಗೇರಿ ಕಡೆ ಅಡಿಕೆ ಸುಲಿಯಲು ಗಂಟೆಗಟ್ಟಲೆ ಮಣೆಯ ಮೇಲೆ ಕೂರುವುದು. ಇನ್ನು ಚಾರ್ಮಾಡಿ, ಶಿರಾಡಿ ಇಳಿದು ಹತ್ತುವ ಬಸ್ಸಿನ ಡ್ರೈವರುಗಳ ಕುತ್ತಿಗೆಯ ಕಥೆಯನ್ನು ಕೇಳಲೇಬೇಡಿ.

ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಯುಪಂಕ್ಚರ್, ಅಂದರೆ ಮೈಯ ಕೆಲವು ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚಿಕಿತ್ಸೆ, ಹಳೇ ನೋವನ್ನು ಬೇರುಸಹಿತ ಕೀಳುವುದಿಲ್ಲ. ಕೆಲವರಲ್ಲಿ ನೋವಿನ ಮಟ್ಟ ಇಳಿಸುತ್ತದೆ. ಹಾಗೆ ಇಳಿದ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದನ್ನು ಆರು ಸಲದೊಳಗೆ ಅಳೆದು ನೋಡಬಹುದು. ಅಳೆಯದೆ ಮೂವತ್ತು ಸಲ ಚುಚ್ಚಿಸಿಕೊಳ್ಳುವವರು ದುಡ್ಡು, ಬಸ್ ಚಾರ್ಜು, ಅರ್ಧ ದಿನದ ಕೂಲಿ ಮೂರನ್ನೂ ಕಳೆದುಕೊಳ್ಳುತ್ತಾರೆ.

ಮೊದಲು ನೋವಿನ ವಿಷಯ. ಮೂರು ತಿಂಗಳಿಗಿಂತ ಹೆಚ್ಚು ಉಳಿದ, ಅಥವಾ ಹೋಗಿ ಬಂದು ಮಾಡುವ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಕತ್ತಿ ತಗುಲಿದಾಗ ಆಗುವ ನೋವಿಗೂ ಇದಕ್ಕೂ ವ್ಯತ್ಯಾಸವಿದೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರಿಗೆ ಈ ಉದಾಹರಣೆ ಬೇಗ ಹಿಡಿಸುತ್ತದೆ. ತೋಟಕ್ಕೆ ಆನೆ ಬಂದಾಗ ನಾಯಿ ಬೊಗಳಿದರೆ ಅದು ಅದರ ಕೆಲಸ. ಆದರೆ ಎರಡು ಮೂರು ಸಲ ಆನೆ ನುಗ್ಗಿದ ಮೇಲೆ ಅದೇ ನಾಯಿ ಸಿಲ್ವರ್ ಓಕ್ ಎಲೆ ಬಿದ್ದರೂ ರಾತ್ರಿಯಿಡೀ ಬೊಗಳುತ್ತದೆ. ಆನೆ ಎಂದೋ ಹೋಯಿತು, ನಾಯಿಯ ಹೆದರಿಕೆ ಹೋಗಲಿಲ್ಲ. ಹಳೇ ನೋವಿನಲ್ಲಿ ನರಮಂಡಲದ ಪಾಡು ಹೀಗೆ. ಮೊದಲಿನ ಗಾಯ ಮಾಗಿದ್ದರೂ ಬೆನ್ನುಹುರಿ ಮತ್ತು ಮೆದುಳು ಸಣ್ಣ ಸುದ್ದಿಯನ್ನೂ ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತವೆ. ಸೂಜಿ ನಾಯಿಯನ್ನು ಸುಮ್ಮನಾಗಿಸಬಲ್ಲದು. ಬೇಲಿ ಸರಿ ಮಾಡುವುದು ಅದರ ಕೈಲಿಲ್ಲ.

ಈಗ ಸೂಜಿಗೆ ಬರೋಣ. ಇದನ್ನು ಹಾಗೇ ಸಾಲಿನಲ್ಲಿ ಕೊಡುತ್ತೇನೆ, ಪ್ಯಾಕೆಟ್ ಒಡೆಯದೆ ನೋಡಿ. ಸ್ಟೀಲಿನ ತಂತಿ, ದಪ್ಪ 0.25 ಮಿಲಿಮೀಟರ್. ಡಾಕ್ಟರು ಇಂಜೆಕ್ಷನ್ ಕೊಡುವ ಸೂಜಿ 0.55ರಿಂದ 0.7 ಮಿಲಿಮೀಟರ್ ಇರುತ್ತದೆ, ಒಳಗೆ ಟೊಳ್ಳು, ತುದಿ ಓರೆಯಾಗಿ ಕತ್ತರಿಸಿದ್ದು. ಅದು ಚರ್ಮವನ್ನು ಕೊಯ್ದುಕೊಂಡು ಹೋಗುತ್ತದೆ. ಇದು ಗಟ್ಟಿ ತಂತಿ, ಅಂಗಾಂಶವನ್ನು ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತದೆ. ಇದರಲ್ಲಿ ಔಷಧ ಏನೂ ಇಲ್ಲ. ಕೈ, ಮುಖಕ್ಕೆ 25 ಮಿಲಿಮೀಟರ್ ಉದ್ದದ್ದು, ಸೊಂಟ, ಕಾಲಿಗೆ 40ರದ್ದು. ಪೃಷ್ಠದ ಸ್ನಾಯುವಿನ ಆಳಕ್ಕೆ ಹೋಗಬೇಕಾದಾಗ 0.30 ದಪ್ಪದ, 75 ಮಿಲಿಮೀಟರ್ ಉದ್ದದ್ದು. ಆ ಕೊನೆಯದನ್ನು ನೋಡಿದ ತಕ್ಷಣ ಕೆಲವರು ಚಪ್ಪಲಿ ಹುಡುಕುತ್ತಾರೆ.

ಈ ವಿದ್ಯೆ ಚೀನಾದ್ದು. ಅವರ ಹಳೇ ಲೆಕ್ಕದಲ್ಲಿ ದೇಹದಲ್ಲಿ 12 ಮುಖ್ಯ ನಾಳಗಳು, ಅವುಗಳಲ್ಲಿ 'ಚಿ' ಎಂಬ ಶಕ್ತಿ ಹರಿಯುತ್ತದೆ, ಅದು ಕಟ್ಟಿಕೊಂಡಲ್ಲಿ ನೋವು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 361 ಬಿಂದುಗಳಿವೆ. ನಮ್ಮ ಕಡೆ ಅಜ್ಜಿಯಂದಿರು 'ವಾಯು ಹಿಡಿದಿದೆ' ಅನ್ನುತ್ತಾರಲ್ಲ, ಆ ಮಾತಿನ ದೂರದ ನೆಂಟ ಅಂದುಕೊಳ್ಳಿ. ಹಳಬರಿಗೆ ನೋವಿನ ದಾರಿಗಳನ್ನು ನೆನಪಿಟ್ಟುಕೊಳ್ಳಲು ಆ ನಕಾಶೆ ಅನುಕೂಲವಾಗಿತ್ತು. ಆದರೆ ದೇಹವನ್ನು ಬಿಡಿಸಿ ನೋಡಿದರೆ ಅಂಥ ನಾಳ ಕಾಣಿಸುವುದಿಲ್ಲ. ನರ, ರಕ್ತನಾಳ, ಸ್ನಾಯು ಕಾಣಿಸುತ್ತವೆ.

ಇಲ್ಲಿ ಒಂದು ಅಡ್ಡಮಾತು. ಈ ವಿದ್ಯೆ ಭಾರತಕ್ಕೆ ಬಂದ ದಾರಿ ಬಹಳ ಜನಕ್ಕೆ ಗೊತ್ತಿಲ್ಲ. 1938ರಲ್ಲಿ ಚೀನಾಕ್ಕೆ ಐದು ಜನ ಭಾರತೀಯ ವೈದ್ಯರ ತಂಡ ಹೋಗಿತ್ತು. ಡಾ. ಕೋಟ್ನಿಸ್ ಹೆಸರು ಕೇಳಿದ್ದೀರಿ. ಅದೇ ತಂಡದಲ್ಲಿದ್ದ ಡಾ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಇದನ್ನು ಕಲಿತು ಬಂದು ಕೋಲ್ಕತ್ತದಲ್ಲಿ ಶುರುಮಾಡಿದರು. ಅಮೆರಿಕದಲ್ಲಿ ಇದು ಮನೆಮಾತಾದದ್ದು ಅದಕ್ಕಿಂತ ತಡವಾಗಿ, 1971ರಲ್ಲಿ, ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತರು ಬೀಜಿಂಗಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು ಬರೆದ ಮೇಲೆ. ಸೂಜಿ ಚುಚ್ಚಿಯೇ ಅವರ ಹೊಟ್ಟೆ ಕೊಯ್ದರು ಅಂತ ಈಗಲೂ ಹೇಳುವವರಿದ್ದಾರೆ. ಅದು ಸುಳ್ಳು. ಕೊಯ್ದದ್ದು ಮಾಮೂಲಿ ಮರಗಟ್ಟಿಸುವ ಔಷಧ ಕೊಟ್ಟೇ. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಸೂಜಿ ಹಾಕಿದರು.

ಸೂಜಿ ಚುಚ್ಚಿದರೆ ನೋವು ಹೇಗೆ ಇಳಿಯುತ್ತದೆ? ಬಲಗೈ ಬೆರಳಿಗೆ ಸುತ್ತಿಗೆ ಬಿದ್ದರೆ ತಕ್ಷಣ ಏನು ಮಾಡುತ್ತೀರಿ? ಇನ್ನೊಂದು ಕೈಯಲ್ಲಿ ಹಿಡಿದು ತಿಕ್ಕುತ್ತೀರಿ. ತಿಕ್ಕಿದ ಸುದ್ದಿ ಬೆನ್ನುಹುರಿಯ ಬಾಗಿಲಿಗೆ ಮೊದಲು ಹೋಗಿ ನೋವಿನ ಸುದ್ದಿಗೆ ದಾರಿ ಕಿರಿದು ಮಾಡುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಇದನ್ನು ಗೇಟಿನ ಸಿದ್ಧಾಂತ ಎಂದು ಮಂಡಿಸಿದರು. ಎರಡನೆಯದು, ದೇಹವೇ ತಯಾರಿಸುವ ಅಫೀಮಿನಂಥ ವಸ್ತುಗಳು, ಎಂಡಾರ್ಫಿನ್ ಮತ್ತು ಎನ್ಕೆಫಾಲಿನ್. ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧ ಕೊಟ್ಟರೆ ಸೂಜಿಯ ನೋವುನಿವಾರಣೆಯೂ ಕುಗ್ಗುತ್ತದೆ ಎಂದು 1970ರ ದಶಕದ ಪ್ರಯೋಗಗಳು ತೋರಿಸಿದವು. ಮೂರನೆಯದು, ಚುಚ್ಚಿದ ಜಾಗದಲ್ಲೇ ಅಡೆನೋಸಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದು. 2010ರಲ್ಲಿ ಇಲಿಗಳಲ್ಲಿ ಇದನ್ನು ಅಳೆದರು. ಸೂಜಿಯನ್ನು ಸುಮ್ಮನೆ ನಿಲ್ಲಿಸಿದರೆ ಸಾಲದು, ಆಗಾಗ ತಿರುಗಿಸಬೇಕು ಅನ್ನುವ ಹಳಬರ ಮಾತಿಗೆ ಅದರಿಂದ ಸ್ವಲ್ಪ ಬಲ ಬಂತು. ಇಷ್ಟರ ಮೇಲೆ ನಂಬಿಕೆಯ ಪಾಲೂ ಇದೆ. ಅರ್ಧ ಗಂಟೆ ಮಲಗಿಸಿ, ನಿಮ್ಮ ಮಾತು ಕೇಳಿ, ಮುಟ್ಟಿ ನೋಡುವವರು ಸಿಕ್ಕರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ.

ಆ ನಂಬಿಕೆಯ ಪಾಲು ಎಷ್ಟು? ಇಲ್ಲಿ ಸೂಜಿ ಹಾಕುವ ನನ್ನ ವೃತ್ತಿಬಾಂಧವರು ಸಾಮಾನ್ಯವಾಗಿ ಮಾತು ತೇಲಿಸುತ್ತಾರೆ. ತೇಲಿಸುವುದು ಬೇಡ. ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳನ್ನು ಮೂರು ಗುಂಪು ಮಾಡಿದರು. 2007ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿಗೆ ಸರಿಯಾದ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುವಲ್ಲದ ಕಡೆ ಮೇಲೆಮೇಲೆ ಚುಚ್ಚಿದ ನಕಲಿ ಸೂಜಿ, ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ನಂತರ ಸುಧಾರಿಸಿದವರು ಸರಿಯಾದ ಸೂಜಿಯಲ್ಲಿ 47.6%, ನಕಲಿ ಸೂಜಿಯಲ್ಲಿ 44.2%, ಮಾಮೂಲಿ ಚಿಕಿತ್ಸೆಯಲ್ಲಿ 27.4%. ಇದರಲ್ಲಿ ಎರಡೂ ಕಡೆಯವರಿಗೆ ಪಾಠವಿದೆ. ಸೂಜಿ ಹಾಕಿಸಿಕೊಂಡವರು ಹಾಕಿಸಿಕೊಳ್ಳದವರಿಗಿಂತ ಎಷ್ಟೋ ಮುಂದಿದ್ದಾರೆ. ಆದರೆ ಕರಾರುವಾಕ್ಕಾದ ಬಿಂದುವೇ ಸರ್ವಸ್ವ ಅನ್ನುವ ಮಾತು ನಿಲ್ಲುವುದಿಲ್ಲ.

ಆಮೇಲೆ 2012ರಲ್ಲಿ ಸುಮಾರು 18,000 ರೋಗಿಗಳ ಅಂಕಿಗಳನ್ನು ಒಟ್ಟುಗೂಡಿಸಿ ಇನ್ನೊಂದು ಲೆಕ್ಕ ಹಾಕಿದರು. ಅದರ ಸಾರವನ್ನು ಹೀಗೆ ಹೇಳಬಹುದು: ನೂರಕ್ಕೆ 60 ಇದ್ದ ನೋವು, ಸೂಜಿ ಇಲ್ಲದೆ 43ಕ್ಕೆ ಇಳಿದರೆ, ನಕಲಿ ಸೂಜಿಯಲ್ಲಿ 35ಕ್ಕೆ, ನಿಜ ಸೂಜಿಯಲ್ಲಿ 30ಕ್ಕೆ ಇಳಿಯುತ್ತದೆ. ಶೂನ್ಯಕ್ಕಲ್ಲ, 30ಕ್ಕೆ. ಈ 30 ಅನ್ನುವ ಅಂಕಿಯನ್ನು ಮನೆಗೆ ತೆಗೆದುಕೊಂಡು ಹೋಗಿ. 'ಪೂರ್ತಿ ವಾಸಿ ಗ್ಯಾರಂಟಿ' ಅಂತ ಬೋರ್ಡು ಹಾಕಿದವರ ಬಾಗಿಲಿಗೆ ಹೋಗುವ ಮೊದಲು ಅದು ನೆನಪಾಗಲಿ.

ತಜ್ಞರ ಮಂಡಳಿಗಳಲ್ಲೂ ಒಮ್ಮತವಿಲ್ಲ. ಯಾವ ಚಿಕಿತ್ಸೆ ಕೊಡಬಹುದು ಎಂದು ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡ ಅಂದಿತು. ಅದೇ ಸಂಸ್ಥೆ 2021ರಲ್ಲಿ, ಬೇರೆ ಕಾಯಿಲೆಯ ಲಕ್ಷಣವಾಗಿರದೆ ತಾನೇ ಕಾಯಿಲೆಯಾಗಿ ಕೂತ ದೀರ್ಘಕಾಲದ ನೋವಿಗೆ ಒಂದು ಕೋರ್ಸ್ ಕೊಟ್ಟು ನೋಡಬಹುದು, ಚಿಕಿತ್ಸಕರ ಸಮಯ ಒಟ್ಟು 5 ಗಂಟೆ ಮೀರಬಾರದು ಅಂದಿತು. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಇದನ್ನೂ ಸೇರಿಸಿತು. ಹಳೇ ಸೊಂಟನೋವು, ಕುತ್ತಿಗೆ ನೋವು, ತಲೆಗೆ ಪಟ್ಟಿ ಕಟ್ಟಿದಂತೆ ಬಿಗಿಯುವ ತಲೆನೋವು, ಮೈಗ್ರೇನ್ ಪದೇಪದೇ ಬರದಂತೆ ತಡೆಯುವುದು, ಇಷ್ಟಕ್ಕೆ ಪ್ರಯತ್ನಿಸಿ ನೋಡುವುದು ನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಸವೆದ ಮಂಡಿಯಲ್ಲಿ ಫಲ ಮಿಶ್ರ. 2014ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ನಕಲಿಗಿಂತ ಹೆಚ್ಚೇನೂ ಸಿಗಲಿಲ್ಲ. ಮಂಡಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವೇ ಮೊದಲು, ಸೂಜಿ ಆಮೇಲೆ.

ಸೂಜಿಗೆ ಮುಂಚೆ ಡಾಕ್ಟರ ಹತ್ತಿರ ಹೋಗಲೇಬೇಕಾದ ನೋವುಗಳು ಯಾವುವು ಎಂದು ಕೇಳಿಸಿಕೊಳ್ಳಿ. ಸೊಂಟನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಹೋಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಳೆಗೆ ಬಿಡುವಂತಿಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಶುರುವಾದ ನೋವಿಗೆ ಮೊದಲು ಎಕ್ಸ್‌ರೇ. ಬೆಳಗ್ಗೆ ಎದ್ದಾಗ ಬೆರಳ ಗಿಣ್ಣುಗಳು ಊದಿ ಗಂಟೆಗಟ್ಟಲೆ ಬಿಗಿಯಾಗಿದ್ದರೆ ಅದು ರುಮಟಾಯ್ಡ್ ಎಂಬ ಸಂಧಿವಾತ ಇರಬಹುದು. ಸೂಜಿಯಿಂದ ನೋವು ಸ್ವಲ್ಪ ತಗ್ಗಿ, ಒಳಗೆ ಕೀಲು ತಿಂದುಹೋಗುತ್ತಲೇ ಇರುತ್ತದೆ. ಹಾಗಾಗಬಾರದು.

ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ. ಜ್ವರ ಇರುವಾಗ ಮೈಕೈ ನೋವೆಂದು ಸೂಜಿಗೆ ಬರಬೇಡಿ. ಡೆಂಗಿಯಲ್ಲಿ, ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದಿರಬಹುದು, ಆಗ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಬೇಸಿಗೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನಿಂದ ಬಂದವರಿಗೆ ಜ್ವರ ಇದೆಯೇ ಎಂದು ಕೇಳದೆ ಸೂಜಿ ತೆಗೆಯುವ ಚಿಕಿತ್ಸಕರು ಆ ಊರಿಗೆ ತಕ್ಕವರಲ್ಲ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಹೃದಯದ ಕವಾಟ ಬದಲಾಯಿಸಿಕೊಂಡವರು, ಗರ್ಭಿಣಿಯರು ಕೇಳುವ ಮುಂಚೆಯೇ ಹೇಳಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟು ಕೊಡುವ ವಿಧಾನ ಬೇಡ. ಸ್ತನದ ಆಪರೇಷನ್ ನಂತರ ಊದಿದ ಕೈಗೆ ಚುಚ್ಚಬಾರದು.

ಇನ್ನು ಒಂದು ಸಲದ ಚಿಕಿತ್ಸೆ ಹೇಗೆ ನಡೆಯಬೇಕು ಎಂದು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ ನೀವೇ ಹಿಡಿಯಬಹುದು.

ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಬೆಳಗಿನ ಮೊದಲ ಬಸ್ಸಿಗೆ ಬರೀ ಒಂದು ಲೋಟ ಕಾಫಿ ಕುಡಿದು ಬಂದು, ಬೆಂಚಿನ ಮೇಲೆ ಎರಡು ಗಂಟೆ ಕಾದು, ಕೂತಲ್ಲೇ ಸೂಜಿ ಹಾಕಿಸಿಕೊಂಡವರು ತಲೆತಿರುಗಿ ಬೀಳುವುದು ಮಾಮೂಲು. ಒಂದೆರಡು ಗಂಟೆ ಮೊದಲು ಎರಡು ಇಡ್ಲಿಯಾದರೂ ತಿಂದಿರಬೇಕು. ಮೊದಲ ಸಲ ಮಲಗಿಸಿಯೇ ಚುಚ್ಚಬೇಕು. ಮೊಣಕಾಲಿನ ಮೇಲಕ್ಕೆ ಸರಿಯುವ ಸಡಿಲ ಬಟ್ಟೆ ಹಾಕಿಕೊಂಡು ಹೋಗಿ.

ಚಿಕಿತ್ಸಕರು ಕೈ ತೊಳೆಯಬೇಕು. ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು, ಅದರ ಮೇಲೆ ಸ್ಟೆರೈಲ್ ಎಂದೂ ಅವಧಿ ಮುಗಿಯುವ ತಾರೀಕೂ ಇರಬೇಕು. ಒಂದು ಸೂಜಿಗೆ ಕೆಲವೇ ರೂಪಾಯಿ. 'ನಿಮ್ಮ ಸೂಜಿಯನ್ನೇ ಡಬ್ಬಿಯಲ್ಲಿ ತೆಗೆದಿಟ್ಟು ಮುಂದಿನ ಸಲ ಹಾಕುತ್ತೇವೆ' ಅನ್ನುವವರಿದ್ದರೆ ಎದ್ದು ಬನ್ನಿ. ಡಬ್ಬಿಗಳು ಅದಲುಬದಲಾದರೆ ಹೆಪಟೈಟಿಸ್ ಬಿ ಕೂಡ ಅದಲುಬದಲಾಗುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದರೆ ಶುದ್ಧವಾಗುವುದಿಲ್ಲ.

ಅಳತೆ ರೋಗಿಯ ಬೆರಳಿನದ್ದೇ. ನಿಮ್ಮ ಹೆಬ್ಬೆರಳ ಗೆಣ್ಣಿನ ಅಗಲ ಒಂದು 'ತ್ಸುನ್'. ನಾಲ್ಕು ಬೆರಳು ಜೋಡಿಸಿದರೆ ಮೂರು ತ್ಸುನ್. ನಮ್ಮಲ್ಲಿ ಗೇಣು, ಮೊಳ ಅಳೆದಂತೆಯೇ. ಮಂಡಿ ಮಡಿಸಿದಾಗ ಚಿಪ್ಪಿನ ಕೆಳಗೆ ಎರಡೂ ಪಕ್ಕ ಗುಳಿ ಬೀಳುತ್ತದಲ್ಲ, ಚೀನಿಯರು ಅವನ್ನು ಮಂಡಿಯ ಕಣ್ಣುಗಳು ಅನ್ನುತ್ತಾರೆ. ಹೊರಗಿನ ಕಣ್ಣಿನಿಂದ ನಾಲ್ಕು ಬೆರಳು ಕೆಳಗೆ, ಮೊಣಕಾಲೆಲುಬಿನ ಅಂಚಿನಿಂದ ಒಂದು ಬೆರಳು ಹೊರಗೆ ಒತ್ತಿ ನೋಡಿ. ಈಗಲೇ ಒತ್ತಿ, ಪರವಾಗಿಲ್ಲ. ಸ್ವಲ್ಪ ಜುಮ್ಮೆನ್ನುತ್ತದೆ ಅಲ್ಲವೇ? ಅದು 'ತ್ಸುಸಾನ್ಲಿ', ಅತಿ ಹೆಚ್ಚು ಬಳಸುವ ಬಿಂದುಗಳಲ್ಲೊಂದು. ಸೊಂಟನೋವಿಗೆ ಬೆನ್ನುಮೂಳೆಯಿಂದ ಒಂದೂವರೆ ತ್ಸುನ್ ಆಚೀಚೆ ಜೋಡಿ ಬಿಂದುಗಳು, ಜೊತೆಗೆ ಮಂಡಿಯ ಹಿಂದಿನ ಮಡಿಕೆಯ ನಡುವೆ ಒಂದು. ಅಲ್ಲಿ ಚುಚ್ಚುವವರು ಅಂಗರಚನೆ ಓದಿರಲೇಬೇಕು, ಏಕೆಂದರೆ ಆಳದಲ್ಲಿ ದೊಡ್ಡ ರಕ್ತನಾಳ ಮತ್ತು ನರ ಎರಡೂ ಇವೆ. ತಲೆನೋವಿಗೆ ಹೆಬ್ಬೆರಳು, ತೋರುಬೆರಳ ನಡುವಿನ ಉಬ್ಬು, 'ಹೆಗು'. ಸಂಪ್ರದಾಯದ ಪ್ರಕಾರ ಗರ್ಭಿಣಿಯರಿಗೆ ಈ ಬಿಂದು ನಿಷಿದ್ಧ.

ಸೂಜಿಯನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ಇಟ್ಟು ಮೇಲಿಂದ ಒಂದು ತಟ್ಟು ತಟ್ಟುತ್ತಾರೆ, ಚರ್ಮ ದಾಟುತ್ತದೆ. ಸೊಳ್ಳೆ ಕಚ್ಚಿದಷ್ಟು. ಕೊಳವೆ ತೆಗೆದು ನಿಧಾನ ಒಳಗೆ ಇಳಿಸಿ ತಿರುಗಿಸುತ್ತಾರೆ. ಆಗ ಮಂದವಾದ ಭಾರ, ಎಳೆತ, ಜೋಮು ಹಿಡಿದಂಥ ಅನುಭವ ಬರಬೇಕು. ಚೀನಿಯರು ಅದಕ್ಕೆ 'ದ ಚಿ' ಅನ್ನುತ್ತಾರೆ. ಆದರೆ ಕರೆಂಟು ಹೊಡೆದಂತೆ ಚಳಕ್ಕೆಂದು ಕಾಲಿನುದ್ದಕ್ಕೂ ಹೋದರೆ ನರಕ್ಕೆ ತಗುಲಿದೆ, ತಕ್ಷಣ ಹೇಳಿ, ಹಿಂದೆ ತೆಗೆಯಬೇಕು. ಸಹಿಸಿಕೊಂಡರೆ ಹೆಚ್ಚು ಗುಣ ಅನ್ನುವುದು ಬರೀ ಭ್ರಮೆ.

ಒಂದು ಸಲಕ್ಕೆ 8ರಿಂದ 12 ಸೂಜಿ ಸಾಕು. 20ರಿಂದ 30 ನಿಮಿಷ ಬಿಡುತ್ತಾರೆ. ಕೆಲವರು ಸೂಜಿಗಳಿಗೆ ಕ್ಲಿಪ್ ಹಾಕಿ ಸಣ್ಣ ಬ್ಯಾಟರಿ ಯಂತ್ರದಿಂದ ಕರೆಂಟು ಕೊಡುತ್ತಾರೆ. ಸೆಕೆಂಡಿಗೆ 2 ಮಿಡಿತದಲ್ಲಿ ಎನ್ಕೆಫಾಲಿನ್ ಮತ್ತು ಎಂಡಾರ್ಫಿನ್, 100 ಮಿಡಿತದಲ್ಲಿ ಡೈನಾರ್ಫಿನ್ ಎಂಬ ಬೇರೆ ವಸ್ತು ಹೆಚ್ಚು ಬಿಡುಗಡೆಯಾಗುತ್ತದೆ ಎಂದು ಚೀನಾದ ವಿಜ್ಞಾನಿ ಹಾನ್ ಜಿಶೆಂಗ್ ತೋರಿಸಿಕೊಟ್ಟರು. ಹಾಗಾಗಿ ಎರಡನ್ನೂ ಸರದಿಯಲ್ಲಿ ಕೊಡುವುದುಂಟು.

ಈ ಅರ್ಧ ಗಂಟೆಯಲ್ಲಿ ಕೆಡುವುದೆಲ್ಲ ಬಹುಪಾಲು ಮೊಬೈಲಿನಿಂದ. ಫೋನ್ ಹೊಡೆದುಕೊಂಡಿತು, ರೋಗಿ ಹೊರಳಿದರು, ಸ್ನಾಯು ಬಿಗಿಯಿತು, ಸೂಜಿ ಬಾಗಿತು. ಬಾಗಿದ ಸೂಜಿಯನ್ನು ಎಳೆಯಬಾರದು. ಮೊದಲು ರೋಗಿಯನ್ನು ಮುಂಚಿನ ಭಂಗಿಗೇ ತಂದು, ಬಾಗಿದ ದಿಕ್ಕಿಗನುಸಾರ ನಿಧಾನ ತೆಗೆಯಬೇಕು. ಸ್ನಾಯು ಕಚ್ಚಿಕೊಂಡು ಸೂಜಿ ಬರದಿದ್ದರೆ ಎರಡು ನಿಮಿಷ ಬಿಟ್ಟು, ಸುತ್ತ ಬೆರಳಲ್ಲಿ ತಟ್ಟಿ, ಅದೂ ಆಗದಿದ್ದರೆ ಪಕ್ಕದಲ್ಲಿ ಇನ್ನೊಂದು ಸೂಜಿ ಹಾಕಿದರೆ ಬಿಗಿ ಸಡಿಲುತ್ತದೆ. ಬೆವರು, ವಾಕರಿಕೆ, ಕಣ್ಣು ಕತ್ತಲೆ ಬಂದರೆ ಎಲ್ಲ ಸೂಜಿ ತೆಗೆದು, ಅಂಗಾತ ಮಲಗಿಸಿ, ಕಾಲು ಎತ್ತರಿಸಿ, ಪೂರ್ತಿ ಎಚ್ಚರವಾದ ಮೇಲೆ ಬೆಲ್ಲದ ನೀರು.

ಎಲ್ಲಕ್ಕಿಂತ ಭಯ ಪಡಬೇಕಾದದ್ದು ಶ್ವಾಸಕೋಶಕ್ಕೆ. ಮೂಟೆ ಹೊತ್ತು ಗಂಟುಕಟ್ಟಿದ ಹೆಗಲಿಗೆ, ಬೆನ್ನಿನ ಮೇಲ್ಭಾಗಕ್ಕೆ ಸೂಜಿ ಕೇಳುವವರೇ ನಮ್ಮಲ್ಲಿ ಜಾಸ್ತಿ. ತೆಳ್ಳಗಿನವರಲ್ಲಿ ಅಲ್ಲಿ ಚರ್ಮದಿಂದ ಒಂದೆರಡು ಸೆಂಟಿಮೀಟರ್ ಕೆಳಗೇ ಶ್ವಾಸಕೋಶ ಇರುತ್ತದೆ. ಅಲ್ಲಿ ನೆಟ್ಟಗೆ ಆಳಕ್ಕೆ ಚುಚ್ಚಬಾರದು. ಸ್ನಾಯುವನ್ನು ಬೆರಳಲ್ಲಿ ಎತ್ತಿ ಹಿಡಿದು, ಓರೆಯಾಗಿ, ಮೇಲೆಮೇಲೆ ಹಾಕಬೇಕು. ತಪ್ಪಿ ತೂತಾದರೆ ಗಾಳಿ ಎದೆಗೂಡಿಗೆ ಸೋರುತ್ತದೆ, ಮತ್ತು ಅದು ಕೆಲವೊಮ್ಮೆ ಗಂಟೆಗಳ ನಂತರ ಗೊತ್ತಾಗುತ್ತದೆ. ಮನೆಗೆ ಹೋದ ಮೇಲೆ ಎದೆ ಚುಚ್ಚಿ, ಉಸಿರು ಕಟ್ಟಿದರೆ ಗ್ಯಾಸ್ ಮಾತ್ರೆ ನುಂಗಿ ಮಲಗಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡಿದ್ದೆ ಎಂದು ಹೇಳಿ, ಎಕ್ಸ್‌ರೇ ತೆಗೆಸಿ. ಇದು ಅಪರೂಪ. ಜರ್ಮನಿಯಲ್ಲಿ 2,29,230 ರೋಗಿಗಳ ಲೆಕ್ಕದಲ್ಲಿ ಇಂಥವು ಎರಡೇ ಆಗಿದ್ದವು. ಸಣ್ಣ ರಕ್ತಸ್ರಾವ, ಚರ್ಮದಡಿ ರಕ್ತ ಕಂದಿದ ಕಲೆ 6.1% ಜನಕ್ಕೆ. ಆದರೆ ಅಲ್ಲಿ ಚುಚ್ಚಿದವರೆಲ್ಲ ತರಬೇತಾದ ವೈದ್ಯರು ಅನ್ನುವುದನ್ನು ಮರೆಯಬೇಡಿ.

ಕೊನೆಗೆ ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಎಂದು ಎಣಿಸಬೇಕು. ತೆಗೆದ ಜಾಗಕ್ಕೆ ಹತ್ತಿ ಒತ್ತಿ, ಸೂಜಿಗಳು ಬಿಳಿ ಬಣ್ಣದ ತೂತಾಗದ ಡಬ್ಬಿಗೆ ಹೋಗಬೇಕು. 2016ರ ಆಸ್ಪತ್ರೆ ತ್ಯಾಜ್ಯದ ನಿಯಮ ಹೇಳುವುದೂ ಅದನ್ನೇ. ಎದ್ದ ತಕ್ಷಣ ಕೆಲವರಿಗೆ ಮಂಪರು ಬರುತ್ತದೆ. ಅರ್ಧ ಗಂಟೆ ಕೂತು ಆಮೇಲೆ ಬೈಕ್ ಹತ್ತಿ, ಘಾಟಿ ರಸ್ತೆಯಾದರೆ ಬೇರೆಯವರು ಓಡಿಸಲಿ. ಒಂದೆರಡು ದಿನ ಚುಚ್ಚಿದ ಜಾಗ ನೋಯಬಹುದು.

ಈಗ ಲೆಕ್ಕದ ವಿಷಯ. ಮಗುವಿನ ಹಳೇ ನೋಟ್‌ಬುಕ್ ಒಂದು ಸಾಕು. ಚಿಕಿತ್ಸೆ ಶುರುವಾಗುವ ಒಂದು ವಾರ ಮೊದಲಿಂದಲೇ ದಿನಾ ಸಂಜೆ ಬರೆಯಿರಿ: ನೋವು ಹತ್ತಕ್ಕೆ ಎಷ್ಟು, ನೋವಿನ ಮಾತ್ರೆ ಎಷ್ಟು ನುಂಗಿದಿರಿ, ರಾತ್ರಿ ಎಷ್ಟು ಸಲ ಎಚ್ಚರವಾಯಿತು. ಇವುಗಳ ಜೊತೆಗೆ ನಿಮಗೆ ಮುಖ್ಯವಾದ ಒಂದು ಕೆಲಸ. ನೆಲದ ಮೇಲೆ ಕೂತು ಊಟ ಮಾಡಲು ಆಯಿತೇ? ಎಷ್ಟು ಪಟ್ಟೆ (ಗಿಡದ ಸಾಲು) ಹಣ್ಣು ಕುಯ್ಯುವವರೆಗೆ ಸೊಂಟ ಸುಮ್ಮನಿತ್ತು? ವಾರಕ್ಕೆ ಒಂದೆರಡು ಸಲದಂತೆ ಆರು ಸಲ ಮುಗಿದಾಗ ಹಿಂದಿನ ಪುಟಕ್ಕೆ ಹೋಲಿಸಿ. ಹತ್ತಕ್ಕೆ ಎರಡಂಕಿಯಾದರೂ ಇಳಿದಿರಬೇಕು, ಅಥವಾ ಮೂರನೇ ಒಂದರಷ್ಟು. 7 ಇದ್ದದ್ದು 5 ಆಗಿ, ಮಾತ್ರೆ ಕಡಿಮೆಯಾಗಿದ್ದರೆ ಹತ್ತು ಸಲದವರೆಗೆ ಮುಂದುವರಿಸಿ. 7 ಇದ್ದದ್ದು ಏಳೇ ಆಗಿದ್ದರೆ ನಿಲ್ಲಿಸಿ. 'ಹಳೇ ನೋವು, ಇನ್ನೂ ಇಪ್ಪತ್ತು ಸಲ ಬೇಕು' ಅನ್ನುವ ಮಾತಿಗೆ ಆಧಾರವಿಲ್ಲ.

ನೋವು ಇಳಿದ ಹೊತ್ತಿನಲ್ಲಿ ಏನು ಮಾಡಬೇಕು ಅಂದೆನಲ್ಲ. ಅನೇಕರು ಮಾಡುವುದು ಏನೆಂದರೆ, ನೋವು ಕಡಿಮೆಯಾಯಿತು ಅಂತ ಮರುದಿನವೇ ಮೂಟೆಗೆ ಹೆಗಲು ಕೊಡುವುದು. ಇನ್ನು ಕೆಲವರು ನೋವು ಮರಳೀತೆಂದು ಹಾಸಿಗೆ ಬಿಡುವುದಿಲ್ಲ. ಎರಡೂ ಕೆಡುಕೇ. ದಿನಾ 20 ನಿಮಿಷ ನಡಿಗೆಯಿಂದ ಶುರುಮಾಡಿ. ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು ಹತ್ತು ಸಲ, ಕುರ್ಚಿಯಿಂದ ಕೈ ಊರದೆ ಏಳುವುದು ಹತ್ತು ಸಲ, ಬೆಳಗ್ಗೆ ಸಂಜೆ. ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಸ್ಪ್ರೇ ಕ್ಯಾನನ್ನು ಪೂರ್ತಿ ತುಂಬುವ ಬದಲು ಹತ್ತು ಲೀಟರಿಗೆ ನಿಲ್ಲಿಸಿ ಎರಡು ಟ್ರಿಪ್ ಹೆಚ್ಚು ಮಾಡಿದರೆ ಕೂಲಿ ಲೆಕ್ಕ ತಪ್ಪುತ್ತದೆ ಎಂದು ತೋಟದ ಲೆಕ್ಕ ನೋಡುವ ರೈಟರು ಗೊಣಗಬಹುದು. ಇಲ್ಲಿ ಕೂತಿರುವ ತೋಟದ ಮಾಲೀಕರು ರೈಟರಿಗೆ ಒಂದು ಮಾತು ಹೇಳಲಿ.

ಯಾರ ಹತ್ತಿರ ಹೋಗಬೇಕು? ಕೇಂದ್ರ ಆರೋಗ್ಯ ಇಲಾಖೆ 2019ರಲ್ಲಿ ಅಕ್ಯುಪಂಕ್ಚರ್ ಅನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಗುರುತಿಸಿದೆ. ಪಶ್ಚಿಮ ಬಂಗಾಳದಲ್ಲಿ 1996ರಿಂದಲೇ ಇದಕ್ಕೆಂದೇ ಕಾನೂನಿದೆ. ನಮ್ಮ ಕಡೆ ಸುರಕ್ಷಿತ ದಾರಿ ಎಂದರೆ ನೋಂದಾಯಿತ ವೈದ್ಯರಾಗಿ, ಮೇಲೆ ಇದರ ತರಬೇತಿ ಪಡೆದವರು, ಅಥವಾ ಐದೂವರೆ ವರ್ಷದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಓದಿದವರು. ಉಜಿರೆಯಲ್ಲಿ ಆ ಕಾಲೇಜಿದೆ, ಅವರ ಪಾಠದಲ್ಲಿ ಅಕ್ಯುಪಂಕ್ಚರ್ ಇದೆ. ಗೋಡೆಯ ಮೇಲಿನ ಸರ್ಟಿಫಿಕೇಟು ವಾರಾಂತ್ಯದ ಶಿಬಿರದ್ದೋ, ವರ್ಷಗಟ್ಟಲೆ ಓದಿದ್ದೋ ನೋಡಿ. ನಿಮ್ಮ ಬಿಪಿ, ಶುಗರ್ ಮಾತ್ರೆಯನ್ನೆಲ್ಲ ನಿಲ್ಲಿಸಿ ಅನ್ನುವವರ ಹತ್ತಿರ ಎರಡನೇ ಸಲ ಹೋಗಬೇಡಿ.

ಇನ್ನು ಪ್ರಶ್ನೆಗಳು. ಸೂಜಿಯ ಮೇಲೆ ಬೆಂಕಿ ಇಡುತ್ತಾರಂತೆ, ನಮ್ಮಲ್ಲಿ ಚುಟಿಗೆ ಹಾಕುವ ಹಾಗೆಯೇ ಎಂದು ಕೇಳಿದ್ದಾರೆ. ಅಲ್ಲ. ಅದು ಮಾಕ್ಸಾ. ಗಣಪತಿಯ ಇಪ್ಪತ್ತೊಂದು ಪತ್ರೆಯಲ್ಲಿ ಮಾಚಿಪತ್ರೆ ಇದೆಯಲ್ಲ, ಅದರ ಕುಲದ್ದೇ ಸೊಪ್ಪನ್ನು ಒಣಗಿಸಿ ಹತ್ತಿಯಂತೆ ಮಾಡಿ ಹೊತ್ತಿಸಿ, ಚರ್ಮಕ್ಕೆ ತಾಗದಂತೆ ಶಾಖ ಕೊಡುವುದು. ಸುಟ್ಟ ಗಾಯ ಆಗಲೇಬಾರದು. ಶುಗರ್‌ನಿಂದ ಪಾದದ ಸ್ಪರ್ಶ ಹೋದವರಿಗೆ ಬೇಡವೇ ಬೇಡ, ಸುಡುವುದು ಅವರಿಗೆ ಗೊತ್ತಾಗುವುದಿಲ್ಲ.

ಹಣ್ಣಿನ ಕುಯ್ಲಿನ ಮಧ್ಯೆ ಬರಬಹುದೇ ಎಂದು ಇನ್ನೊಬ್ಬರು. ಬರಬಹುದು, ಆದರೆ ಫಲ ಕಡಿಮೆ. ಹತ್ತು ಸಲಕ್ಕೆ ಐದರಿಂದ ಹತ್ತು ವಾರ ಹಿಡಿಯುತ್ತದೆ. ಅರೇಬಿಕಾ ನವೆಂಬರಿಗೆ ಶುರು ಅಂದರೆ ಸೆಪ್ಟೆಂಬರಿನಲ್ಲೇ ಚಿಕಿತ್ಸೆ, ವ್ಯಾಯಾಮ ಎರಡನ್ನೂ ಆರಂಭಿಸಿದರೆ ಕುಯ್ಲಿನ ಹೊತ್ತಿಗೆ ಸ್ನಾಯುಗಳಿಗೆ ಸ್ವಲ್ಪ ಬಲ ಬಂದಿರುತ್ತದೆ. ರೋಬಸ್ಟಾ ಮಾತ್ರ ಇರುವವರಿಗೆ ಇನ್ನೂ ಒಂದೆರಡು ತಿಂಗಳು ಸಿಗುತ್ತದೆ.

ಕೊನೆಯ ಪ್ರಶ್ನೆಗೆ ಎಲ್ಲರೂ ನಕ್ಕಿರಿ, ಆದರೆ ಅದು ಒಳ್ಳೆಯ ಪ್ರಶ್ನೆ. ಮನೆಗೆ ಹೋದ ಮೇಲೆ ತಲೆಗೂದಲಲ್ಲಿ ಒಂದು ಸೂಜಿ ಉಳಿದಿರುವುದು ಗೊತ್ತಾದರೆ? ಉಳಿಯುವುದುಂಟು, ಕೂದಲಲ್ಲೇ ಹೆಚ್ಚು. ಗಾಬರಿ ಬೇಡ. ಹಿಡಿಯನ್ನು ಹಿಡಿದು ನೆಟ್ಟಗೆ ಎಳೆಯಿರಿ, ಶುದ್ಧ ಹತ್ತಿಯಿಂದ ಒಂದು ನಿಮಿಷ ಒತ್ತಿ. ಸೂಜಿಯನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಒಲೆಗೂ ಹಾಕಬೇಡಿ, ನಾಳೆ ಕಸ ಬಾಚುವವರ ಕೈಗೆ ಚುಚ್ಚುತ್ತದೆ. ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಹಾಕಿ, ಮುಂದಿನ ಸಲ ಹೋದಾಗ ಅವರ ಮೇಜಿನ ಮೇಲಿಟ್ಟು, ಇವತ್ತು ಹಾಕಿದ್ದೆಷ್ಟು ತೆಗೆದದ್ದೆಷ್ಟು ಎಂದು ಕೇಳಿ.